ಹಳೆಯ ಆಟ, ಹೊಸ ಮೌಸ್: ಬಾಣದ ಓಟಕ್ಕೆ ಕಡಿವಾಣ ಎಲ್ಲಿ?

ಡಾಸ್ ಕಾಲದ ಆಟವೊಂದನ್ನು ಇವತ್ತಿನ ಕಂಪ್ಯೂಟರಿನಲ್ಲಿ ತೆರೆಯುವುದು ಈಗ ಕಷ್ಟವಿಲ್ಲ. ಚಿತ್ರ ಬರುತ್ತದೆ, ಸದ್ದೂ ಬರುತ್ತದೆ. ಮೌಸ್ ಮುಟ್ಟಿದ ಕೂಡಲೇ ಮಾತ್ರ ಏನೋ ಸರಿಯಿಲ್ಲ ಎಂದು ಗೊತ್ತಾಗುತ್ತದೆ. ಕೈ ಕೊಂಚ ಅಲುಗಿದರೂ ಬಾಣ ಪರದೆಯ ಈ ಮೂಲೆಯಿಂದ ಆ ಮೂಲೆಗೆ ಹಾರುತ್ತದೆ. ಬೇಕಾದ ಬಾಗಿಲಿನ ಮೇಲೋ ಬೇಕಾದ ಸೈನಿಕನ ಮೇಲೋ ಅದನ್ನು ನಿಲ್ಲಿಸುವುದೇ ಸಾಹಸವಾಗುತ್ತದೆ. ಇನ್ನು ಕೆಲವು ಆಟಗಳಲ್ಲಿ ಇದಕ್ಕೆ ತದ್ವಿರುದ್ಧ: ಮೌಸನ್ನು ಎತ್ತಿ ಎತ್ತಿ ಎಳೆದರೂ ಬಾಣ ತೆವಳುತ್ತದೆ.

ಇದಕ್ಕೆ ಜನ ಕಂಡುಕೊಂಡಿರುವ ಉಪಾಯಗಳು ಹತ್ತಾರು. ಒಬ್ಬರು ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಪಾಯಿಂಟರ್ ಸ್ಪೀಡ್ ಇಳಿಸುತ್ತಾರೆ, ಇನ್ನೊಬ್ಬರು ಆಟದೊಳಗಿನ ಆಪ್ಷನ್ ಹುಡುಕುತ್ತಾರೆ, ಮತ್ತೊಬ್ಬರು ಮೌಸಿನ ಬೆನ್ನ ಮೇಲಿನ ಡಿಪಿಐ ಗುಂಡಿ ಒತ್ತುತ್ತಾರೆ. ಕೆಲವರಿಗೆ ಸರಿಹೋಗುತ್ತದೆ, ಕೆಲವರಿಗೆ ಇನ್ನಷ್ಟು ಕೆಡುತ್ತದೆ. ಯಾವ ಉಪಾಯ ಯಾವ ಆಟಕ್ಕೆ, ಯಾಕೆ ಎಂಬುದನ್ನು ಒಟ್ಟಿಗೆ ಇಟ್ಟು ನೋಡಬೇಕಾದ ಅಗತ್ಯವಿದೆ. ಒಂದು ಹಳೆಯ ಆಟ ಉಳಿಯಿತು ಎನ್ನಬೇಕಾದರೆ ಅದರ ಚಿತ್ರ, ಸಂಗೀತ, ಕತೆಗಳ ಜೊತೆಗೆ ಅದನ್ನು ಆಡುವಾಗ ಕೈಗೆ ಸಿಗುತ್ತಿದ್ದ ಹಿಡಿತವೂ ಉಳಿದಿರಬೇಕು ಎಂದು ನಾನು ನಂಬುತ್ತೇನೆ.

ಮೊದಲು ಲೆಕ್ಕ. ಮೈಕ್ರೋಸಾಫ್ಟ್ ತನ್ನ ಮೊದಲ ಮೌಸನ್ನು 1983ರಲ್ಲಿ ಮಾರುಕಟ್ಟೆಗೆ ತಂದಿತು. ಅದರ ಡ್ರೈವರ್ ಮುಂದೆ ಡಾಸ್ ಆಟಗಳಿಗೆಲ್ಲ ಮಾದರಿಯಾಯಿತು. ಕೈಯ ಚಲನೆಯನ್ನು ಅದು 'ಮಿಕ್ಕಿ' ಎಂಬ ಮಾನದಲ್ಲಿ ಅಳೆಯುತ್ತಿತ್ತು: ಆಗಿನ ಮೌಸಿಗೆ ಒಂದು ಅಂಗುಲವೆಂದರೆ 200 ಮಿಕ್ಕಿ. ಬಾಣ ಅಡ್ಡಕ್ಕೆ 8 ಪಿಕ್ಸೆಲ್ ಸರಿಯಲು 8 ಮಿಕ್ಕಿ, ಮೇಲೆ ಕೆಳಗೆ 8 ಪಿಕ್ಸೆಲ್ ಸರಿಯಲು 16 ಮಿಕ್ಕಿ ಬೇಕು ಎಂಬುದು ಡ್ರೈವರಿನ ಮೂಲ ಸೂತ್ರ. ಆಟ 320 ಪಿಕ್ಸೆಲ್ ಅಗಲ, 200 ಪಿಕ್ಸೆಲ್ ಎತ್ತರದ್ದಾದರೂ ಡ್ರೈವರ್ ಅಗಲವನ್ನು 640 ಎಂದೇ ಎಣಿಸುತ್ತಿತ್ತು. ಹಾಗಾಗಿ ಕೈ 640 ಮಿಕ್ಕಿ, ಅಂದರೆ 3.2 ಅಂಗುಲ ಅಥವಾ ಸುಮಾರು 8 ಸೆಂಟಿಮೀಟರ್ ಸರಿದರೆ ಬಾಣ ಎಡ ಅಂಚಿನಿಂದ ಬಲ ಅಂಚಿಗೆ ತಲುಪುತ್ತಿತ್ತು. ಮೇಲಿಂದ ಕೆಳಕ್ಕೆ 2 ಅಂಗುಲ ಸಾಕಾಗುತ್ತಿತ್ತು. ಅಂಗೈಯನ್ನು ಮೇಜಿನ ಮೇಲಿಟ್ಟು ಆರಾಮವಾಗಿ ಆಡಿಸಬಹುದಾದಷ್ಟು ಜಾಗ ಅದು. ಯಾರೋ ಯೋಚಿಸಿಯೇ ಇಟ್ಟ ಅಳತೆ.

ಇವತ್ತು ಸಾಮಾನ್ಯವಾಗಿ ಸಿಗುವ ಮೌಸ್ ಒಂದು ಅಂಗುಲಕ್ಕೆ 1000, 1600 ಎಣಿಕೆ ಕಳಿಸುತ್ತದೆ; ಡಿಪಿಐ ಎನ್ನುವುದು ಇದನ್ನೇ. ಆಟಕ್ಕೆಂದೇ ಮಾಡಿದವು ಅದಕ್ಕೂ ಎಷ್ಟೋ ಪಟ್ಟು ಹೆಚ್ಚು ಕಳಿಸುತ್ತವೆ. 1600ರ ಮೌಸನ್ನೇ ತೆಗೆದುಕೊಳ್ಳಿ. ಹಳೆಯ ಸೂತ್ರ ಹಾಗೆಯೇ ಉಳಿದರೆ 640 ಎಣಿಕೆಗೆ ಬೇಕಾದ ದೂರ 0.4 ಅಂಗುಲ, ಅಂದರೆ ಬರೀ ಒಂದು ಸೆಂಟಿಮೀಟರ್. ಎಂಟು ಸೆಂಟಿಮೀಟರಿನ ಕೆಲಸ ಒಂದರಲ್ಲಿ ಮುಗಿಯುತ್ತದೆ. ಬಾಣ ಹಾರುವುದರ ಹಿಂದೆ ಇರುವುದು ಇಷ್ಟೇ ಗಣಿತ. ಆಟ ಕೆಟ್ಟಿಲ್ಲ, ಮೌಸೂ ಕೆಟ್ಟಿಲ್ಲ. ಇಬ್ಬರೂ ತಮ್ಮ ತಮ್ಮ ಕಾಲದ ಲೆಕ್ಕ ಹೇಳುತ್ತಿದ್ದಾರೆ.

ಗಣಿತ ಇಷ್ಟು ಸರಳವಾಗಿದ್ದರೂ ಪರಿಹಾರ ಸರಳವಾಗಿಲ್ಲದಿರುವುದಕ್ಕೆ ಕಾರಣ, ಕೈಯಿಂದ ಪರದೆಯವರೆಗಿನ ದಾರಿಯಲ್ಲಿ ವೇಗ ಒಂದೇ ಕಡೆ ತೀರ್ಮಾನವಾಗುವುದಿಲ್ಲ. ಕೆರೆಯ ನೀರು ಗದ್ದೆ ತಲುಪುವಷ್ಟರಲ್ಲಿ ನಾಲ್ಕು ತೂಬು ದಾಟುವ ಹಾಗೆ ಮೌಸಿನ ಎಣಿಕೆಯೂ ನಾಲ್ಕು ಕಡೆ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ: ಮೌಸಿನೊಳಗೆ, ಡ್ರೈವರ್ ಅಥವಾ ವಿಂಡೋಸ್‌ನಲ್ಲಿ, ಆಟದೊಳಗೆ, ಕೊನೆಗೆ ಹಳೆಯ ಚಿತ್ರವನ್ನು ಹೊಸ ಪರದೆಗೆ ಹಿಗ್ಗಿಸುವಲ್ಲಿ. ಹಳೆಯ ಯಂತ್ರವನ್ನು ಹೊಸದರಲ್ಲಿ ಅನುಕರಿಸುವ ಎಮ್ಯುಲೇಟರ್ ಸೇರಿದರೆ ಐದನೆಯದು.

ಆಟದೊಳಗಿನಿಂದಲೇ ಶುರು ಮಾಡೋಣ, ಯಾಕೆಂದರೆ ಹೆಚ್ಚಿನವರು ಮೊದಲು ನೋಡುವುದು ಅಲ್ಲೇ. 1993ರ 'ಡೂಮ್' ಆಟದಲ್ಲಿ ಮೌಸ್ ಸೆನ್ಸಿಟಿವಿಟಿ ಎಂಬ ಒಂದು ಪಟ್ಟಿಯಿದೆ, 0ಯಿಂದ 9ರವರೆಗೆ. ಅದನ್ನು ಸೊನ್ನೆಗೆ ಇಳಿಸಿದರೂ ನೋಟ ಗಿರಗಿರ ತಿರುಗುವುದು ನಿಲ್ಲುವುದಿಲ್ಲ. ಆಟದ ಸೋರ್ಸ್ ಕೋಡ್ 1997ರಲ್ಲಿ ಹೊರಬಂದ ಮೇಲೆ ಕಾರಣ ಎಲ್ಲರಿಗೂ ಕಾಣುವಂತಾಯಿತು. ಮೌಸಿನಿಂದ ಬಂದ ಎಣಿಕೆಯನ್ನು ಆಟ, ನೀವಿಟ್ಟ ಅಂಕಿಗೆ 5 ಕೂಡಿಸಿ ಬಂದದ್ದರಿಂದ ಗುಣಿಸಿ, 10ರಿಂದ ಭಾಗಿಸುತ್ತದೆ. ಅಂದರೆ ಸೊನ್ನೆಯಲ್ಲಿಟ್ಟರೆ ಎಣಿಕೆಯ ಅರ್ಧ, ಒಂಬತ್ತರಲ್ಲಿಟ್ಟರೆ 1.4 ಪಟ್ಟು. ಕನಿಷ್ಠಕ್ಕೂ ಗರಿಷ್ಠಕ್ಕೂ ಮೂರು ಪಟ್ಟಿನ ಅಂತರವೂ ಇಲ್ಲ. ಅಂದಿನ ಮೌಸ್‌ಗಳು ಒಂದಕ್ಕೊಂದು ಹತ್ತಿರದವೇ ಆಗಿದ್ದರಿಂದ ಅಷ್ಟು ಸಾಕಿತ್ತು. ಎಂಟು ಪಟ್ಟು ಎಣಿಕೆ ಕಳಿಸುವ ಮೌಸ್ ಬಂದಾಗ ಆ ಪಟ್ಟಿಯಿಂದ ಏನೂ ಮಾಡಲಾಗದು.

ಡೂಮ್‌ನಲ್ಲಿ ಇನ್ನೊಂದು ಕಿರಿಕಿರಿಯಿದೆ. ಮೌಸನ್ನು ಮುಂದಕ್ಕೆ ತಳ್ಳಿದರೆ ಆಟಗಾರ ನಡೆದೇ ಬಿಡುತ್ತಾನೆ. ಬಲಕ್ಕೆ ತಿರುಗಲು ಹೋದಾಗ ಕೈ ಕೊಂಚ ಮೇಲೆ ಸರಿದರೂ ಸಾಕು, ಆಮ್ಲದ ಹೊಂಡದೊಳಗೆ ಕಾಲು. ಇದನ್ನು ತಡೆಯಲೆಂದೇ ಡಾಸ್ ಕಾಲದಲ್ಲಿ 'ನೋವರ್ಟ್' ಎಂಬ ಪುಟ್ಟ ಪ್ರೋಗ್ರಾಮು ಓಡಾಡುತ್ತಿತ್ತು. ಮೇಲೆ ಕೆಳಗಿನ ಚಲನೆಯನ್ನು ಅದು ಆಟಕ್ಕೆ ತಲುಪದಂತೆ ಮಾಡುತ್ತಿತ್ತು. ಮೂಲ ಆಟದ ನಡೆನುಡಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿರುವ 'ಚಾಕೊಲೇಟ್ ಡೂಮ್' ಈ ಸೌಲಭ್ಯವನ್ನು ಒಳಗೇ ಸೇರಿಸಿಕೊಂಡಿದೆ. ಹಳೆಯದನ್ನು ಮುಟ್ಟದೆ ಹೊಸ ಕೈಗೆ ಹೊಂದಿಸುವುದು ಹೇಗೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಮಾದರಿ ನನಗೆ ಕಂಡಿಲ್ಲ.

ಮೂರು ವರ್ಷದ ನಂತರ ಅದೇ ಐಡಿ ಸಾಫ್ಟ್‌ವೇರ್ ಸಂಸ್ಥೆ 'ಕ್ವೇಕ್' ತಂದಾಗ ವಿಚಾರ ಬಹಳ ಮುಂದೆ ಹೋಗಿತ್ತು. ಅಲ್ಲಿ ಸೆನ್ಸಿಟಿವಿಟಿಗೆ ಮೂಲ ಬೆಲೆ 3. ಮೌಸಿನ ಒಂದೊಂದು ಎಣಿಕೆಗೆ ನೋಟ 0.022 ಡಿಗ್ರಿಯ ಮೂರು ಪಟ್ಟು, ಅಂದರೆ 0.066 ಡಿಗ್ರಿ ತಿರುಗುತ್ತದೆ. ಸುತ್ತ ಒಂದು ಪೂರ್ತಿ ಸುತ್ತು ಬರಲು ಸುಮಾರು 5,455 ಎಣಿಕೆ ಬೇಕು. ಅಂಗುಲಕ್ಕೆ 400 ಎಣಿಕೆಯ ಮೌಸಿನಲ್ಲಿ ಅದು 35 ಸೆಂಟಿಮೀಟರ್, 1600ರ ಮೌಸಿನಲ್ಲಿ 9 ಸೆಂಟಿಮೀಟರಿಗೂ ಕಡಿಮೆ. ಕ್ವೇಕ್‌ನ ದೊಡ್ಡತನವೆಂದರೆ ಕನ್ಸೋಲ್ ತೆರೆದು ಸೆನ್ಸಿಟಿವಿಟಿಗೆ ದಶಮಾಂಶದಲ್ಲೂ ಬೆಲೆ ಕೊಡಬಹುದು. ಎಣಿಕೆ ನಾಲ್ಕು ಪಟ್ಟಾಗಿದೆಯೇ, ಮೂರನ್ನು 0.75 ಮಾಡಿದರಾಯಿತು. 1996ರ ಕೈಚಳಕ ಇವತ್ತಿನ ಮೌಸಿನಲ್ಲೂ ಅಳತೆಗೆ ಸರಿಯಾಗಿ ಸಿಗುತ್ತದೆ. ಮುಂದೆ ಬಂದ ಎಷ್ಟೋ ಆಟಗಳು ಇದೇ 0.022ರ ಲೆಕ್ಕವನ್ನು ಉಳಿಸಿಕೊಂಡವು. ಇವತ್ತಿಗೂ ಆಟಗಾರರು ಒಂದು ಆಟದ ಸೆನ್ಸಿಟಿವಿಟಿಯನ್ನು ಇನ್ನೊಂದಕ್ಕೆ ಹೊಂದಿಸುವಾಗ 'ಪೂರ್ತಿ ತಿರುಗಲು ಎಷ್ಟು ಸೆಂಟಿಮೀಟರ್' ಎಂದೇ ಮಾತಾಡುತ್ತಾರೆ.

ಇಲ್ಲಿಂದ ವಿಂಡೋಸ್‌ಗೆ ಬರೋಣ. ಈ ಇಡೀ ಪ್ರಶ್ನೆಯಲ್ಲಿ ಅತ್ಯಂತ ಗೋಜಲಾದದ್ದು, ಆದರೆ ಅರ್ಥವಾದ ಮೇಲೆ ಅತ್ಯಂತ ಸ್ವಾರಸ್ಯದ್ದು ಇದೇ. ವಿಂಡೋಸ್ 95, 98ರಲ್ಲಿ ವೇಗವರ್ಧನೆ ಮೆಟ್ಟಿಲಿನಂತಿತ್ತು. ಒಂದು ಸಲದ ಚಲನೆ ಒಂದು ಮಿತಿಯನ್ನು ದಾಟಿದರೆ ಬಾಣದ ಓಟ ಎರಡು ಪಟ್ಟು, ಎರಡನೆಯ ಮಿತಿ ದಾಟಿದರೆ ನಾಲ್ಕು ಪಟ್ಟು. ಗುರಿಯಿಡುವ ಆಟದಲ್ಲಿ ಇದು ಶತ್ರು. ಒಂದೇ ದೂರವನ್ನು ಕೈ ಬೇಗ ಸರಿದರೆ ಒಂದಷ್ಟು, ನಿಧಾನ ಸರಿದರೆ ಇನ್ನೊಂದಷ್ಟು ತಿರುಗಿದರೆ ಕೈ ಪಳಗುವುದು ಹೇಗೆ? ಅದಕ್ಕೇ ಕ್ವೇಕ್ ಶುರುವಾಗುವಾಗಲೇ ವಿಂಡೋಸ್‌ಗೆ ಒಂದು ಆಜ್ಞೆ ಕೊಡುತ್ತಿತ್ತು: ಮಿತಿಗಳೆರಡೂ ಸೊನ್ನೆ, ವರ್ಧನೆ ಒಂದು, ಅಂದರೆ ಮೊದಲ ಮೆಟ್ಟಿಲು ಮಾತ್ರ. ಮಿತಿಯೇ ಸೊನ್ನೆಯಾದ ಮೇಲೆ ಎಲ್ಲ ಚಲನೆಯೂ ಸಮನಾಗಿ ಎರಡು ಪಟ್ಟಾಗುತ್ತದೆ. ಏರುಪೇರು ಇಲ್ಲ. ಜಾಣ ಉಪಾಯ.

2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂತು. ಮೆಟ್ಟಿಲುಗಳನ್ನು ಕಿತ್ತು ಅದರ ಜಾಗದಲ್ಲಿ ನಯವಾದ ಒಂದು ವಕ್ರರೇಖೆಯನ್ನು ಇಟ್ಟರು. 'ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್' ಎಂಬ ಟಿಕ್ ಗುರುತು ಅದರದೇ. ಹೊಸ ವಿಂಡೋಸ್ ಮಿತಿಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, 'ವರ್ಧನೆ ಒಂದು' ಎಂಬುದನ್ನು ಮಾತ್ರ ಓದಿ ವಕ್ರರೇಖೆಯನ್ನು ಚಾಲೂ ಮಾಡುತ್ತದೆ. ವೇಗವರ್ಧನೆಯ ಏರುಪೇರು ತೆಗೆಯಲೆಂದು ಬರೆದ ಅದೇ ಸಾಲು ಈಗ ಏರುಪೇರನ್ನು ತಾನೇ ಕರೆದು ತರುವಂತಾಯಿತು! ಕ್ವೇಕ್‌ನ ಅಡಿಪಾಯದ ಮೇಲೆ ಕಟ್ಟಿದ 'ಹಾಫ್-ಲೈಫ್', ಅದರಿಂದ ಹುಟ್ಟಿದ 'ಕೌಂಟರ್-ಸ್ಟ್ರೈಕ್' ಎರಡಕ್ಕೂ ಈ ಪಿತ್ರಾರ್ಜಿತ ತಪ್ಪದೆ ಬಂತು. ಎರಡು ಸಾವಿರದ ದಶಕದಲ್ಲಿ ಬೆಂಗಳೂರು, ಮೈಸೂರುಗಳ ಬ್ರೌಸಿಂಗ್ ಸೆಂಟರ್‌ಗಳಲ್ಲಿ ಕೌಂಟರ್-ಸ್ಟ್ರೈಕ್ 1.6 ಆಡಿದವರಿಗೆ ಆ ಆಟದ ಶಾರ್ಟ್‌ಕಟ್‌ನಲ್ಲಿ 'ನೋಫೋರ್ಸ್‌ಎಂಆಕ್ಸೆಲ್', 'ನೋಫೋರ್ಸ್‌ಎಂಪಾರ್ಮ್ಸ್' ಎಂಬ ವಿಚಿತ್ರ ಪದಗಳನ್ನು ಕಂಡ ನೆನಪಿರಬಹುದು. ವಿಂಡೋಸ್‌ನ ಮೌಸ್ ವ್ಯವಸ್ಥೆಯನ್ನು ಮುಟ್ಟಬೇಡ ಎಂದು ಆಟಕ್ಕೆ ಹೇಳುವ ಮಾತುಗಳು ಅವು. ಆಮೇಲೆ ವಿಂಡೋಸ್‌ನ ಲೆಕ್ಕವನ್ನೇ ಬದಿಗಿಟ್ಟು ಮೌಸಿನ ಎಣಿಕೆಯನ್ನು ನೇರವಾಗಿ ಓದುವ 'ರಾ ಇನ್‌ಪುಟ್' ಆಯ್ಕೆ ಆ ಆಟಗಳಿಗೂ ಬಂತು. ಅದು ಇರುವ ಕಡೆ ಬೇರೆ ಯಾವ ಉಪಾಯವೂ ಬೇಡ.

ವಿಂಡೋಸ್‌ನ ಪಾಯಿಂಟರ್ ಸ್ಪೀಡ್ ಪಟ್ಟಿಗೂ ಒಂದು ಗುಟ್ಟಿದೆ. ಹಳೆಯ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಅದಕ್ಕೆ 11 ನಿಲುಗಡೆಗಳಿವೆ. ನಡುವಿನ ಆರನೆಯದರಲ್ಲಿ ಒಂದು ಎಣಿಕೆಗೆ ಒಂದು ಪಿಕ್ಸೆಲ್. ಅದಕ್ಕಿಂತ ಮೇಲೆ ಹೋದರೆ ಬಾಣ ಪಿಕ್ಸೆಲ್‌ಗಳನ್ನು ಹಾರಿಕೊಂಡು ಹೋಗುತ್ತದೆ. ಹನ್ನೊಂದನೆಯದರಲ್ಲಿ 3.5 ಪಟ್ಟು. ಕೆಳಗೆ ಬಂದರೆ ಎಣಿಕೆಗಳು ನಷ್ಟವಾಗುತ್ತವೆ, ನಾಲ್ಕನೆಯದರಲ್ಲಿ ಅರ್ಧಕ್ಕರ್ಧ. ಆಟಕ್ಕೆಂದು ಈ ಪಟ್ಟಿಯನ್ನು ಎಳೆದಾಡುವುದನ್ನು ನಾನು ಒಪ್ಪುವುದಿಲ್ಲ. ಒಂದು ಆಟದ ಸಲುವಾಗಿ ಇಡೀ ಕಂಪ್ಯೂಟರಿನ ಬಾಣವನ್ನು ಕುಂಟಾಗಿಸಿದಂತಾಗುತ್ತದೆ, ಆಟ ಮುಗಿಸಿ ಪತ್ರ ಬರೆಯಲು ಕೂತಾಗ ಮತ್ತೆ ಹಿಂದಕ್ಕೆ ಎಳೆಯಬೇಕು. ಆಟ ರಾ ಇನ್‌ಪುಟ್ ಓದುವುದಾದರಂತೂ ಎಳೆದದ್ದೂ ವ್ಯರ್ಥ.

ಪರದೆಯ ಹಿಗ್ಗುವಿಕೆಯಿಂದ ಬರುವ ತೊಂದರೆಯನ್ನು ಹೆಚ್ಚು ಜನ ಗುರುತಿಸುವುದೇ ಇಲ್ಲ. 1998ರ 'ಸ್ಟಾರ್‌ಕ್ರಾಫ್ಟ್' 640 ಪಿಕ್ಸೆಲ್ ಅಗಲದ, 480 ಪಿಕ್ಸೆಲ್ ಎತ್ತರದ ಆಟ. ನಿಮ್ಮ ಡೆಸ್ಕ್‌ಟಾಪ್ 1920 ಪಿಕ್ಸೆಲ್ ಅಗಲವಿದ್ದರೆ ಅದನ್ನು ದಾಟಲು ಬಾಣಕ್ಕೆ 1920 ಎಣಿಕೆ ಬೇಕು. ಅದೇ ಪರದೆಯನ್ನು ತುಂಬಿ ನಿಂತ ಆಟವನ್ನು ದಾಟಲು 640 ಸಾಕು. ಸೆಟ್ಟಿಂಗ್ ಒಂದೂ ಬದಲಾಗದೆ ಬಾಣ ಮೂರು ಪಟ್ಟು ಚುರುಕಾಗುತ್ತದೆ. ಅಂಚಿಗೆ ಬಾಣ ತಾಗಿದರೆ ನಕ್ಷೆ ಸರಿಯುವ ಆಟಗಳಲ್ಲಿ ಇದರ ಪರಿಣಾಮ ಇನ್ನೂ ಕೆಟ್ಟದು, ನೀವು ನೋಡಬೇಕೆಂದ ಯುದ್ಧಭೂಮಿಯೇ ಕಣ್ಣಿಂದ ಜಾರಿಹೋಗುತ್ತದೆ. ಆ ಕಾಲದ ವಿಂಡೋಸ್ ಆಟಗಳನ್ನು ಹೊಸ ಪರದೆಗೆ ಹೊಂದಿಸುವ 'ಸಿಎನ್‌ಸಿ-ಡಿಡ್ರಾ' ಎಂಬ ಉಚಿತ ತಂತ್ರಾಂಶ ಇದನ್ನು ಚೆನ್ನಾಗಿ ಅರ್ಥಮಾಡಿಕೊಂಡಿದೆ. ಹೆಸರೇ ಹೇಳುವಂತೆ ಅದು 'ಕಮಾಂಡ್ ಅಂಡ್ ಕಾಂಕರ್' ಸರಣಿಗೆಂದು ಹುಟ್ಟಿದ್ದು, ಈಗ ಬೇರೆ ಎಷ್ಟೋ ಆಟಗಳಿಗೆ ಒದಗುತ್ತಿದೆ. ಚಿತ್ರವನ್ನು ಎಷ್ಟು ಹಿಗ್ಗಿಸಿದೆಯೋ ಮೌಸಿನ ಓಟವನ್ನು ಅದಕ್ಕೆ ತಕ್ಕಂತೆ ತಾನೇ ತಗ್ಗಿಸುವ ಆಯ್ಕೆ ಅದರಲ್ಲಿದೆ. ಚಿತ್ರ ಹಿಗ್ಗಿಸುವ ಎಲ್ಲ ತಂತ್ರಾಂಶಗಳೂ ಹೀಗೆ ಮಾಡಬೇಕಿತ್ತು.

ಡಾಸ್ ಆಟಗಳ ಮಟ್ಟಿಗೆ ಇವತ್ತು ಮುಖ್ಯ ಸಾಧನ 'ಡಾಸ್‌ಬಾಕ್ಸ್'. 2002ರಲ್ಲಿ ಬಂದ ಈ ಎಮ್ಯುಲೇಟರ್ ಇಲ್ಲದಿದ್ದರೆ ಹಳೆಯ ಆಟಗಳ ಮಾತನ್ನೇ ಎತ್ತುವಂತಿರಲಿಲ್ಲ. ಅದರ ಕಾನ್ಫಿಗ್ ಕಡತದಲ್ಲಿ ಸೆನ್ಸಿಟಿವಿಟಿ ಎಂಬ ಸಾಲಿದೆ, ಮೂಲ ಬೆಲೆ 100. ಇದು ಶೇಕಡಾವಾರು ಲೆಕ್ಕ. 1600ರ ಮೌಸಿನಲ್ಲಿ 200 ಮಿಕ್ಕಿಯ ಅನುಭವ ಬೇಕಿದ್ದರೆ ಎಂಟನೆಯ ಒಂದು ಭಾಗ, ಅಂದರೆ 12 ಅಥವಾ 13. ಅಷ್ಟು ಇಳಿಸಿದರೆ ಇಂದಿನ ಕೈಗೆ ಬಾಣ ಮಂದವೆನಿಸಬಹುದು. 20ರಿಂದ 30ರ ನಡುವೆ ಇಟ್ಟು ನೋಡಿ, ಆಮೇಲೆ ನಿಮ್ಮ ರುಚಿಗೆ ತಕ್ಕಂತೆ ಏರಿಸಿ ಇಳಿಸಿ. ಕಂಟ್ರೋಲ್ ಕೀ ಜೊತೆ ಎಫ್10 ಒತ್ತಿದರೆ ಮೌಸ್ ಆಟದೊಳಗೆ ಬಂದಿಯಾಗುತ್ತದೆ, ಇನ್ನೊಮ್ಮೆ ಒತ್ತಿದರೆ ಬಿಡುಗಡೆ. ಡಾಸ್‌ಬಾಕ್ಸ್‌ನಿಂದ ಕವಲೊಡೆದ 'ಡಾಸ್‌ಬಾಕ್ಸ್ ಸ್ಟೇಜಿಂಗ್' ಮೌಸಿಗೆಂದೇ ಬೇರೆ ವಿಭಾಗ ಮಾಡಿ, ವಿಂಡೋಸ್‌ನ ವೇಗವರ್ಧನೆಯನ್ನು ದಾಟಿ ನೇರ ಎಣಿಕೆ ಓದುವ ಆಯ್ಕೆಯನ್ನೂ ಕೊಟ್ಟಿದೆ. ಹೊಸದಾಗಿ ಶುರು ಮಾಡುವವರಿಗೆ ನಾನು ಅದನ್ನೇ ಸೂಚಿಸುತ್ತೇನೆ.

ಡಾಸ್ ಡ್ರೈವರಿನಲ್ಲೇ ವೇಗ ಬದಲಿಸಿದರೂ ಕೆಲವು ಆಟಗಳು ಯಾಕೆ ಕಿವಿಗೊಡುವುದಿಲ್ಲ ಎಂಬುದಕ್ಕೆ ಉತ್ತರ ಇಲ್ಲಿದೆ. ಆಟವು ಡ್ರೈವರನ್ನು ಎರಡು ಬಗೆಯಲ್ಲಿ ಕೇಳಬಹುದಿತ್ತು. 'ಬಾಣ ಎಲ್ಲಿದೆ' ಎಂದು ಕೇಳಿದರೆ ಡ್ರೈವರ್ ತನ್ನ ಸೂತ್ರದಂತೆ ಲೆಕ್ಕ ಮಾಡಿ ಜಾಗ ಹೇಳುತ್ತಿತ್ತು. 'ಕೈ ಎಷ್ಟು ಮಿಕ್ಕಿ ಸರಿಯಿತು' ಎಂದು ಕೇಳಿದರೆ ಪಿಕ್ಸೆಲ್ ಸೂತ್ರದ ಮಾತೇ ಬರುತ್ತಿರಲಿಲ್ಲ, ಉಳಿದ ಗಣಿತವನ್ನು ಆಟವೇ ಮಾಡಿಕೊಳ್ಳುತ್ತಿತ್ತು. ಬಾಣ ತೋರಿಸಿ ಆಡಿಸುವ ಸಾಹಸ ಕತೆಗಳು, ಪಟ್ಟಣ ಕಟ್ಟುವ ಆಟಗಳು ಹೆಚ್ಚಾಗಿ ಮೊದಲ ಬಗೆ. ಡೂಮ್‌ನಂಥವು ಎರಡನೆಯ ಬಗೆ. ಹಳೆಯ ಯಂತ್ರದಲ್ಲೇ ಆಡಬೇಕೆಂಬ ಹಟವಿದ್ದು, ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಚೆಂಡಿನ ಮೌಸ್ ಹುಡುಕಿ ತಂದವರಿಗೆ 'ಕ್ಯೂಟ್‌ಮೌಸ್' ಎಂಬ ಉಚಿತ ಡ್ರೈವರ್ ಒಳ್ಳೆಯದು, ಚಲನೆಯ ಪ್ರಮಾಣ ಬದಲಿಸಲು ಅದರಲ್ಲಿ ಅವಕಾಶವಿದೆ. ಅದಕ್ಕೂ ಮೊದಲು ಚೆಂಡು ತೆಗೆದು ಒಳಗಿನ ಉರುಳೆಗಳಿಗೆ ಸುತ್ತಿಕೊಂಡ ಕೊಳೆಯನ್ನು ಉಗುರಿನಿಂದ ಕೆರೆಯಿರಿ. ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಮೌಸ್ ಸೆಕೆಂಡಿಗೆ ಎಷ್ಟು ಸಲ ವರದಿ ಕಳಿಸುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಹಳೆಯ ಸೀರಿಯಲ್ ಮೌಸ್ ಸೆಕೆಂಡಿಗೆ ಸುಮಾರು 40 ಸಲ ಕಳಿಸುತ್ತಿತ್ತು, ಸಾಮಾನ್ಯ ಯುಎಸ್‌ಬಿ ಮೌಸ್ 125, ಈಗಿನ ಗೇಮಿಂಗ್ ಮೌಸ್ 1000. ಇಷ್ಟು ವರದಿಗಳ ಸುರಿಮಳೆಗೆ ಕೆಲವು ಹಳೆಯ ವಿಂಡೋಸ್ ಆಟಗಳು ತತ್ತರಿಸಿ ತಡವರಿಸುತ್ತವೆ. ಮೌಸಿನ ತಂತ್ರಾಂಶದಲ್ಲಿ ಅದನ್ನು 125ಕ್ಕೆ ಇಳಿಸಿದರೆ ಮುಗಿಯಿತು.

ಈ ವೇಗದ ಗೊಡವೆಯನ್ನೇ ಬೇರುಸಹಿತ ಕಿತ್ತ ದಾರಿಯೂ ಒಂದಿದೆ. 2001ರಲ್ಲಿ ಆರಂಭವಾದ 'ಸ್ಕಮ್‌ವಿಎಂ' ಹಳೆಯ ಸಾಹಸ ಆಟಗಳ ಯಂತ್ರಾಂಗವನ್ನೇ ಹೊಸದಾಗಿ ಬರೆಯಿತು. 1990ರ 'ದಿ ಸೀಕ್ರೆಟ್ ಆಫ್ ಮಂಕಿ ಐಲೆಂಡ್' ಅದರಲ್ಲಿ ಆಡಿದರೆ ಕಿಟಕಿಯೊಳಗೆ ನಿಮ್ಮ ಬಾಣ ಎಲ್ಲಿದೆಯೋ ಆಟದ ಬಾಣವೂ ಅಲ್ಲೇ. ಎಷ್ಟು ಸರಿಯಿತು ಎಂಬ ಪ್ರಶ್ನೆಯೇ ಇಲ್ಲ, ಎಲ್ಲಿದೆ ಎಂಬುದಷ್ಟೇ. ಬಾಣದಿಂದ ಆಡುವ ಆಟಗಳಿಗೆ ಇದಕ್ಕಿಂತ ಉತ್ತಮ ಪರಿಹಾರವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ನೋಟ ತಿರುಗಿಸುವ ಆಟಗಳಿಗೆ ಇದು ಒಗ್ಗದು, ಅಲ್ಲಿ ಪರದೆಗೆ ಅಂಚೇ ಇಲ್ಲ.

ಇಷ್ಟೆಲ್ಲ ಯಾಕೆ, ಆಡುತ್ತ ಆಡುತ್ತ ಕೈ ಒಗ್ಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲಿ ತೋರಿಸಿದ ಪ್ರಕಾರ ಗುರಿ ಮುಟ್ಟಲು ಬೇಕಾದ ಸಮಯ ದೂರವನ್ನೂ ಗುರಿಯ ಅಗಲವನ್ನೂ ಅವಲಂಬಿಸಿದೆ. ವೇಗ ಕೊಂಚ ಹೆಚ್ಚು ಕಡಿಮೆಯಾದರೆ ದೂರ, ಅಗಲ ಎರಡೂ ಕೈಯ ಪಾಲಿಗೆ ಒಟ್ಟಿಗೇ ಹಿಗ್ಗುತ್ತವೆ ಅಥವಾ ಕುಗ್ಗುತ್ತವೆ, ಆದ್ದರಿಂದ ಕೈ ಒಗ್ಗುತ್ತದೆ ನಿಜ. ತೀರಾ ಹೆಚ್ಚಾದಾಗ ಮಾತ್ರ ಅದು ನಡೆಯುವುದಿಲ್ಲ. 320 ಪಿಕ್ಸೆಲ್‌ಗಳನ್ನು ಒಂದು ಸೆಂಟಿಮೀಟರಿನಲ್ಲಿ ತುರುಕಿದಾಗ ಒಂದೊಂದು ಪಿಕ್ಸೆಲ್‌ಗೆ ಸಿಗುವುದು ಮಿಲಿಮೀಟರಿನ ಮೂವತ್ತನೆಯ ಒಂದು ಭಾಗ. ಆರೋಗ್ಯವಂತ ಕೈಯ ಸಹಜ ಕಂಪನವೂ ಅಲ್ಲಿ ದೊಡ್ಡದಾಗಿ ಕಾಣುತ್ತದೆ. ಕೈ ನಡುಗುವ ಹಿರಿಯರು, ಗಂಟು ನೋವಿರುವವರು, ಮೊದಲ ಸಲ ಮೌಸ್ ಹಿಡಿದ ಮಗು, ಇವರ ಪಾಲಿಗೆ ಆ ಆಟ ಮುಚ್ಚಿದ ಬಾಗಿಲು. ತಾವು ಹರೆಯದಲ್ಲಿ ಆಡಿದ ಆಟವನ್ನು ಮೊಮ್ಮಕ್ಕಳಿಗೆ ತೋರಿಸಬೇಕೆಂದು ತೆರೆದವರು, ಬಾಣ ಹಿಡಿತಕ್ಕೆ ಸಿಗದೆ ಮುಚ್ಚಿಬಿಟ್ಟರೆ ಅದು ಅವರ ಕೈಯ ದೋಷವಲ್ಲ.

ಹಾಗಾದರೆ ಎಲ್ಲಿ ಸರಿಮಾಡಬೇಕು? ಎಲ್ಲವನ್ನೂ ನೋಡಿದ ಮೇಲೆ ನನ್ನ ತೀರ್ಮಾನ ಇದು. ಮೊದಲು ವಿಂಡೋಸ್‌ನ ವೇಗವರ್ಧನೆಯ ಟಿಕ್ ತೆಗೆಯಿರಿ, ಸ್ಪೀಡ್ ಪಟ್ಟಿಯನ್ನು ನಡುವಿನಲ್ಲೇ ಬಿಡಿ. ಮೌಸಿನಲ್ಲಿ ಡಿಪಿಐ ಗುಂಡಿಯಿದ್ದರೆ 400ಕ್ಕೋ 800ಕ್ಕೋ ಇಳಿಸಿ, ಏನನ್ನೂ ಕಳೆದುಕೊಳ್ಳದೆ ಅರ್ಧ ದಾರಿ ಕ್ರಮಿಸಿದಂತಾಗುತ್ತದೆ. ಉಳಿದ ಹೊಂದಾಣಿಕೆ ಎಮ್ಯುಲೇಟರಿನಲ್ಲೋ ಚಿತ್ರ ಹಿಗ್ಗಿಸುವ ತಂತ್ರಾಂಶದಲ್ಲೋ ಆಗಲಿ, ಪ್ರತಿ ಆಟಕ್ಕೂ ಪ್ರತ್ಯೇಕವಾಗಿ. ಆಟದೊಳಗಿನ ಪಟ್ಟಿಯನ್ನು ಕೊನೆಯ ಕೂದಲೆಳೆಯ ತಿದ್ದುಪಡಿಗೆ ಉಳಿಸಿಕೊಳ್ಳಿ. ಎರಡು ಕಡೆ ಒಟ್ಟಿಗೆ ಕೈಯಾಡಿಸಿದರೆ ಯಾವುದರಿಂದ ಏನಾಯಿತು ಎಂದು ಗೊತ್ತಾಗದೆ ದಿನವೇ ಹಾಳಾಗುತ್ತದೆ.

ಹಳೆಯ ಆಟಗಳನ್ನು ಮತ್ತೆ ಕಟ್ಟಿ ಮಾರುವವರಲ್ಲಿ ಒಂದು ಮನವಿ. ಚಿತ್ರವನ್ನು ದೊಡ್ಡ ಪರದೆಗೆ ಹೊಂದಿಸಲು ಪಡುವ ಶ್ರಮದ ಒಂದು ಪಾಲನ್ನು ಮೌಸಿಗೂ ಕೊಡಿ. ಕಾನ್ಫಿಗ್ ಕಡತದಲ್ಲಿ ಅಡಗಿರುವ ಸೆನ್ಸಿಟಿವಿಟಿಯ ಆ ಒಂದು ಸಾಲನ್ನು ಆಟ ಶುರುವಾಗುವ ಮೊದಲೇ ಕಣ್ಣಿಗೆ ಬೀಳುವ ಪಟ್ಟಿಯಾಗಿ ತೋರಿಸಿ, ಡೂಮ್‌ನಂತೆ ಮೂರು ಪಟ್ಟಿನ ಒಳಗೆ ಕಟ್ಟಿಹಾಕದೆ ಹತ್ತನೆಯ ಒಂದು ಭಾಗದವರೆಗಾದರೂ ಇಳಿಯಲು ಬಿಡಿ. ಓದುಗರಿಗೆ ಹೇಳಬೇಕಾದದ್ದು ಇಷ್ಟು: ಮೂಲ ಕಾನ್ಫಿಗ್ ಕಡತದ ಒಂದು ನಕಲನ್ನು ತೆಗೆದಿಟ್ಟುಕೊಂಡು, ಒಂದು ಸಲಕ್ಕೆ ಒಂದೇ ಅಂಕಿ ಬದಲಿಸಿ, ಆಡಿ ನೋಡಿ.